ಸಿಬ್ಬಂದಿ ಶಾಖೆಯ ಮೇಡಂಗೆ ಆ ಕುರ್ಚಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಹೆಣ್ಣುಮಗಳೊಬ್ಬಳು ಪೈಲಟ್ ಆದರೆ, ಬಸ್ಸು ಓಡಿಸಿದರೆ, ಕರೆಂಟ್ ಕಂಬ ಹತ್ತಿದರೆ ಪತ್ರಿಕೆಗಳು ಫೋಟೊ ಹಾಕುತ್ತವೆ. ಹಾಕಲಿ, ನನಗೂ ಖುಷಿ. ಆದರೆ ಕರೆಂಟು, ನೀರು ಕೊಡುವ ಸಂಸ್ಥೆಗಳಲ್ಲಿ ಸಿಬ್ಬಂದಿ ಶಾಖೆ, ಅಂದರೆ ಈಗಿನವರು ಎಚ್‌ಆರ್ ಅನ್ನುವುದನ್ನು, ನಡೆಸುವ ಹೆಂಗಸರ ಬಗ್ಗೆ ಒಂದು ಸಾಲು ಬಂದದ್ದನ್ನು ನಾನು ನೋಡಿಲ್ಲ. ಎಚ್‌ಆರ್ ಅಂದ್ರೆ ಆಫೀಸಲ್ಲಿ ರಂಗೋಲಿ ಸ್ಪರ್ಧೆ ಮಾಡಿಸಿ ಕೇಕ್ ಕತ್ತರಿಸೋರು ಅಂತ ನನ್ನ ತಂಗಿಯ ಮಗನೇ ಹೇಳುತ್ತಾನೆ. ಅವನು ಐಟಿ ಕಂಪನಿಯಲ್ಲಿದ್ದಾನೆ, ಅವನು ಕಂಡದ್ದು ಅಷ್ಟೇ. ಅವನಿಗೆ ಹೇಳಿ ಸಾಕಾಗಿ ನಿಮಗೆ ಬರೆಯುತ್ತಿದ್ದೇನೆ.

ನಾನು ವಿದ್ಯುತ್ ವಿತರಣೆಯ ಆಫೀಸುಗಳಲ್ಲಿ 34 ವರ್ಷ ಕೆಲಸ ಮಾಡಿದವಳು. ಕಿರಿಯ ಸಹಾಯಕಿಯಾಗಿ ಸೇರಿ ಸಿಬ್ಬಂದಿ ಅಧಿಕಾರಿಯಾಗಿ ನಿವೃತ್ತಳಾದೆ. ಕಂಬ ಹತ್ತಿಲ್ಲ, ಟ್ರಾನ್ಸ್‌ಫಾರ್ಮರ್ ಮುಟ್ಟಿಲ್ಲ. ನನ್ನ ಕೈಗೆ ಬಂದದ್ದು ಸರ್ವಿಸ್ ರಿಜಿಸ್ಟರ್‌ಗಳು. ಸುಮ್ನೆ ಪುಸ್ತಕ ಅಂದುಕೊಳ್ಳಬೇಡಿ, ಒಬ್ಬ ನೌಕರನ ಇಡೀ ಬದುಕು ಅದರಲ್ಲಿರುತ್ತದೆ. ಲೈನ್‌ಮ್ಯಾನ್ ಒಬ್ಬ ಕೆಲಸದ ಮೇಲೆ ತೀರಿಕೊಂಡರೆ ಎಂಜಿನಿಯರ್‌ಗಳು ಲೈನ್ ಯಾಕೆ ಚಾರ್ಜ್ ಆಗಿತ್ತು, ಎಲ್‌ಸಿ (ಲೈನ್ ಆಫ್ ಮಾಡಿದೆ, ಕೆಲಸ ಮಾಡಬಹುದು ಅನ್ನುವ ಅನುಮತಿ) ಯಾರು ಕೊಟ್ಟರು ಅಂತ ವಿಚಾರಣೆ ಮಾಡುತ್ತಾರೆ. ನಾವು ಮೊದಲು ತೆಗೆಯುವುದು ನಾಮಿನಿ ಪುಟ, ಅವನ ನಂತರ ಹಣ ಯಾರಿಗೆ ಸೇರಬೇಕು ಅಂತ ಅವನೇ ಬರೆಸಿದ ಪುಟ. ಎಷ್ಟೋ ಸಲ ಅದು ಖಾಲಿ. ಇಲ್ಲದಿದ್ದರೆ ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದವನು ಆಮೇಲೆ ಬದಲಾಯಿಸಿಯೇ ಇರುವುದಿಲ್ಲ. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ, ಇಬ್ಬರೂ ನನ್ನ ಮೇಜಿನ ಮುಂದೆ. 'ನಮ್ಮುಡುಗ ಯಾರ ಹೆಸ್ರು ಬರ್ಸವ್ನೆ ಮೇಡಮ್ನೋರೆ' ಅಂತ ಆ ತಾಯಿ ಕೇಳುವಾಗ, ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತ ಸೊಸೆಯ ಮುಖ ನೋಡಲು ಆಗುತ್ತಿರಲಿಲ್ಲ.

ಇದಕ್ಕೊಂದು ಉಪಾಯ ಕಂಡುಕೊಂಡೆ. ಸುತ್ತೋಲೆ ಕಳಿಸಿದರೆ ಲೈನ್ ಮೇಲಿರುವವರು ಯಾರೂ ಓದುವುದಿಲ್ಲ. ಆದರೆ ಆಯುಧಪೂಜೆಗೆ ಎಲ್ಲರೂ ಸೆಕ್ಷನ್ ಆಫೀಸಿಗೆ ಬಂದೇ ಬರುತ್ತಾರೆ. ಏಣಿ, ಕಟಿಂಗ್ ಪ್ಲೇಯರ್, ಅರ್ತಿಂಗ್ ರಾಡ್ ಎಲ್ಲಕ್ಕೂ ಕುಂಕುಮ ಬೀಳುವ ದಿನ ನಾನು ರಿಜಿಸ್ಟರ್‌ಗಳನ್ನೂ ಜೀಪಿನಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದೆ. ಮಂಡಕ್ಕಿ ಪೊಟ್ಟಣ ಸಿಗಬೇಕಾದರೆ ನಾಮಿನಿ ಪುಟಕ್ಕೆ ಸಹಿ ಆಗಬೇಕು. ನಗಬೇಡಿ, ಮೂರು ವರ್ಷದಲ್ಲಿ ನಮ್ಮ ಡಿವಿಷನ್‌ನಲ್ಲಿ ಖಾಲಿ ಪುಟವೇ ಇರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನಗೆ ಈಗಲೂ ಚುಚ್ಚುತ್ತದೆ. ನೌಕರ ತೀರಿಕೊಂಡರೆ ಅವನ ಮನೆಯವರೊಬ್ಬರಿಗೆ ಕೆಲಸ ಕೊಡುವ ರಾಜ್ಯದ 1996ರ ಅನುಕಂಪದ ನೇಮಕಾತಿ ನಿಯಮದಲ್ಲಿ ಮದುವೆಯಾದ ಮಗಳಿಗೆ ಜಾಗ ಇರಲಿಲ್ಲ. 'ನಿನಗೆ ಮದುವೆ ಆಗಿದೆ, ಬರೋದಿಲ್ಲಮ್ಮ' ಅಂತ ಹೇಳಿ ಎಷ್ಟು ಹೆಣ್ಣುಮಕ್ಕಳನ್ನು ವಾಪಸ್ ಕಳಿಸಿದ್ದೇನೋ. ಗಂಡುಮಗನಿಗೆ ಮದುವೆ ಆಗಿದೆಯಾ ಅಂತ ನಾವು ಕೇಳುತ್ತಲೇ ಇರಲಿಲ್ಲ! 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದು ತಾರತಮ್ಯ ಅಂತ ಹೇಳಿದ ಮೇಲೆ, 2021ರಲ್ಲಿ ಸರ್ಕಾರ ನಿಯಮ ತಿದ್ದಿತು. ಅಷ್ಟು ವರ್ಷ ಆ ನಿಯಮವನ್ನು ಅಕ್ಷರ ತಪ್ಪದೆ ಪಾಲಿಸಿದವಳು ನಾನೂ ಒಬ್ಬಳು, ಹೆಣ್ಣಾಗಿದ್ದೂ. ಮೇಲಕ್ಕೆ ಒಂದು ಟಿಪ್ಪಣಿ ಬರೆಯಬಹುದಿತ್ತು. ಬರೆದರೆ ಅದು ಯಾರ ಮೇಜಿಗೆ ಹೋಗುತ್ತಿತ್ತು ಅನ್ನುವುದು ಬೇರೆ ಮಾತು.

ಆ ಮೇಜಿನ ಮಾತಿಗೇ ಬರುತ್ತೇನೆ. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ಪ್ರಸರಣ ನಿಗಮ ಬಂತು, 2002ರಲ್ಲಿ ವಿತರಣೆಯೂ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಆದವು. ಯಾರು ಯಾವ ಕಂಪನಿಗೆ, ಸೀನಿಯಾರಿಟಿ ಎಲ್ಲಿಂದ ಲೆಕ್ಕ, ಪಿಂಚಣಿ ಯಾರು ಕೊಡುತ್ತಾರೆ ಅಂತ ಸಾವಿರಾರು ಮನೆಗಳಲ್ಲಿ ನಿದ್ದೆ ಇರಲಿಲ್ಲ. ಆ ದಿನಗಳಲ್ಲಿ ರಾತ್ರಿ ಎಂಟರವರೆಗೆ ಕೂತು ಪಟ್ಟಿ ಮಾಡಿದ್ದು ನಮ್ಮಂಥ ಸಿಬ್ಬಂದಿ ಶಾಖೆಯವರು, ಅದರಲ್ಲಿ ಹೆಂಗಸರೇನು ಕಡಿಮೆ ಇರಲಿಲ್ಲ. ಇಷ್ಟೆಲ್ಲ ಆದರೂ ರಾಜ್ಯದ ಇಂಥ ಸಂಸ್ಥೆಗಳಲ್ಲಿ ಎಚ್‌ಆರ್‌ನ ತುದಿಯ ಕುರ್ಚಿಗೆ ಜಾಸ್ತಿ ಬರುವವರು ಐಎಎಸ್, ಕೆಎಎಸ್‌ನವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಬಹಳ ಒಳ್ಳೆಯವರನ್ನೂ ಕಂಡಿದ್ದೇನೆ. ಆದರೆ ಸೀನಿಯಾರಿಟಿ ಜಗಳದ ತಲೆಬುಡ ಅರ್ಥ ಆಗುವ ಹೊತ್ತಿಗೆ ಅವರಿಗೆ ವರ್ಗಾವಣೆ ಆಗಿರುತ್ತದೆ. ಹೊಸಬರು ಬರುತ್ತಾರೆ, ನಾವು ಮತ್ತೆ ಮೊದಲಿಂದ ಹೇಳಬೇಕು.

ಕೇಂದ್ರದ ಕಂಪನಿಗಳನ್ನು ನೋಡಿ. ಶಿಮ್ಲಾದ ಎಸ್‌ಜೆವಿಎನ್, ಸಟ್ಲೆಜ್ ನದಿಯ ಮೇಲೆ 1,500 ಮೆಗಾವಾಟ್‌ನ ನಾಥ್ಪಾ ಝಾಕ್ರಿ ಜಲವಿದ್ಯುತ್ ಸ್ಥಾವರ ನಡೆಸುವ ಕಂಪನಿ. ಅಲ್ಲಿ ಗೀತಾ ಕಪೂರ್ 2018ರಲ್ಲಿ ಸಿಬ್ಬಂದಿ ವಿಭಾಗದ ನಿರ್ದೇಶಕಿಯಾದರು, 2024ರಲ್ಲಿ ಕೆಲವು ತಿಂಗಳು ಇಡೀ ಕಂಪನಿಯ ಹೊಣೆ ಹೊತ್ತರು. ಒಎನ್‌ಜಿಸಿ ಎಣ್ಣೆ ಕಂಪನಿ, ಆದರೂ ಹೇಳುತ್ತೇನೆ. ಅಲ್ಕಾ ಮಿತ್ತಲ್ 1985ರಲ್ಲಿ ಅಲ್ಲಿಗೆ ಟ್ರೈನಿಯಾಗಿ ಸೇರಿದವರು. 2018ರಲ್ಲಿ ಎಚ್‌ಆರ್ ನಿರ್ದೇಶಕಿ, 2022ರಲ್ಲಿ ಆ ಕಂಪನಿಯ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು. ಎಚ್‌ಆರ್‌ನವರಿಗೆ ಬಾವಿ ತೋಡುವ ಕಂಪನಿ ನಡೆಸಲು ಬರುತ್ತದಾ ಅಂತ ಅಲ್ಲೂ ಯಾರಾದರೂ ಮೂಗು ಮುರಿದಿರಬಹುದು.

ಆ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನುವುದರಿಂದ ಏನು ವ್ಯತ್ಯಾಸ ಅಂತೀರಾ? ಪಕ್ಕದ ತೆಲಂಗಾಣದಲ್ಲಿ 2019ರಲ್ಲಿ ಕಿರಿಯ ಲೈನ್‌ಮ್ಯಾನ್ ಹುದ್ದೆಗೆ ಕರೆದಾಗ ಹೆಣ್ಣುಮಕ್ಕಳಿಗೆ ಅವಕಾಶ ಇರಲಿಲ್ಲ. ಅವರು ಹೈಕೋರ್ಟ್‌ಗೆ ಹೋಗಿ, ಕಂಬ ಹತ್ತಿ ತೋರಿಸಿ, ಕೊನೆಗೆ 2022ರಲ್ಲಿ ಅಲ್ಲಿ ಮೊದಲ ಲೈನ್‌ವುಮನ್ ಕೆಲಸಕ್ಕೆ ಸೇರಿದರು. ನೇಮಕಾತಿ ಅಧಿಸೂಚನೆ ಆಕಾಶದಿಂದ ಬೀಳುವುದಿಲ್ಲ, ಸಿಬ್ಬಂದಿ ಶಾಖೆಯ ಫೈಲಿನಲ್ಲೇ ಹುಟ್ಟುತ್ತದೆ. ಆ ಫೈಲಿಗೆ ಸಹಿ ಹಾಕುವವರು ಒಂದು ಸಾಲು ಬೇರೆ ಬರೆದಿದ್ದರೆ ಆ ಹುಡುಗಿಯರಿಗೆ ಮೂರು ವರ್ಷ ಉಳಿಯುತ್ತಿತ್ತು, ಅಲ್ವಾ? ಸಬ್‌ಸ್ಟೇಷನ್‌ನಲ್ಲಿ ರಾತ್ರಿ ಪಾಳಿಯ ಹೆಣ್ಣುಮಗಳಿಗೆ ಶೌಚಾಲಯ ಇದೆಯಾ, ಬಾಗಿಲಿಗೆ ಚಿಲಕ ಇದೆಯಾ ಅನ್ನುವುದೂ ಇದೇ ಶಾಖೆಯ ಕೆಲಸ. ಚಿಲಕದ ಬಗ್ಗೆ ನಾನು ಬರೆದ ಪತ್ರಗಳನ್ನು ಜೋಡಿಸಿದರೆ ಒಂದು ಫೈಲ್ ಆಗುತ್ತದೆ.

ನನ್ನದು ಒಂದೇ ಕೋರಿಕೆ. ಕೇಂದ್ರದಲ್ಲಿ ನಿರ್ದೇಶಕ ಹುದ್ದೆ ಖಾಲಿಯಾದರೆ ಸಾರ್ವಜನಿಕ ಉದ್ಯಮಗಳ ಆಯ್ಕೆ ಮಂಡಳಿ ಜಾಹೀರಾತು ಕೊಟ್ಟು, ಅರ್ಜಿ ಕರೆದು, ಸಂದರ್ಶನ ಮಾಡುತ್ತದೆ. ಒಳಗೇ ಬೆಳೆದವರೂ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ವಿದ್ಯುತ್, ನೀರಿನ ಸಂಸ್ಥೆಗಳಲ್ಲೂ ಎಚ್‌ಆರ್‌ನ ಮೇಲಿನ ಹುದ್ದೆಗೆ ಹಾಗೇ ಕರೆಯಲಿ. ಐಎಎಸ್‌ನವರೂ ಹಾಕಲಿ, ಬೇಡ ಅನ್ನುವುದಿಲ್ಲ. ನನಗಂತೂ ವಯಸ್ಸು ಮೀರಿತು. ನಾನು ಕೆಲಸ ಕಲಿಸಿದ ಇಬ್ಬರು ಹೆಣ್ಣುಮಕ್ಕಳು ಈಗ ಸಿಬ್ಬಂದಿ ಅಧಿಕಾರಿಗಳು, ಇನ್ನೂ ಹತ್ತು ಹನ್ನೆರಡು ವರ್ಷ ಸರ್ವಿಸ್ ಇದೆ. ಅವರು ಈಗಲೂ ಆಯುಧಪೂಜೆಗೆ ರಿಜಿಸ್ಟರ್ ಹೊತ್ತುಕೊಂಡು ಹೋಗುತ್ತಾರೆ.

— ನಿವೃತ್ತ ಸಿಬ್ಬಂದಿ ಅಧಿಕಾರಿ, ತುಮಕೂರು