ಸಂತೆ ನಡೆಸುವವರೇ ಅಂಗಡಿ ಹಾಕಿದರೆ ನಾವೆಲ್ಲಿ ಹೋಗೋಣ ಮೇಡಂ?

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ. ಕಾರ್ಪೊರೇಟ್ ವ್ಯವಹಾರಗಳ ಖಾತೆ ನಿಮ್ಮದು. ರಾಜ್ಯಸಭೆಯಲ್ಲಿ ನೀವು ಕರ್ನಾಟಕದವರು. ಹಾಗಾಗಿ ಈ ಪತ್ರ ನಿಮಗೇ.

ನಮ್ಮದು ಚನ್ನಪಟ್ಟಣ. ಹಾಲೆ ಮರದ ಗಿಲಕಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಲೇತ್ ಮೇಲೆ ಮರ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಬೇಕು, ಆಮೇಲೆ ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ತರಬೇಕು. ಯಾವ ಬಣ್ಣ ಚೆನ್ನಾಗಿ ಮಾರಾಟವಾಗುತ್ತದೆ ಅಂತ ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು. ಹಸಿರು ಗಿಲಕಿ ಡಬ್ಬದಲ್ಲೇ ಉಳಿಯಿತು. ಅರಿಶಿನ ಬಣ್ಣಕ್ಕೆ ಕೆಂಪು ಬಳೆ ಹಾಕಿದ್ದಕ್ಕೆ ಆರ್ಡರ್ ಮೇಲೆ ಆರ್ಡರ್. ಇದು ಗೊತ್ತಿದ್ದದ್ದು ನಮಗೆ, ಮತ್ತು ನಾವು ಮಾರುತ್ತಿದ್ದ ಆ ಆನ್‌ಲೈನ್ ಮಾರುಕಟ್ಟೆಗೆ. ಕೆಲವೇ ತಿಂಗಳಲ್ಲಿ ಅವರದೇ ಬ್ರ್ಯಾಂಡಿನ ಗಿಲಕಿ ಬಂತು. ಅದೇ ಅರಿಶಿನ, ಅದೇ ಕೆಂಪು ಬಳೆ, ನಲವತ್ತು ರೂಪಾಯಿ ಕಡಿಮೆ. ಹುಡುಕಿದರೆ ಮೊದಲು ಕಾಣುವುದೂ ಅದೇ. ನಮ್ಮದು ಕಾಣಬೇಕೆಂದರೆ ಜಾಹೀರಾತಿಗೆ ಅವರಿಗೇ ದುಡ್ಡು ಕಟ್ಟಬೇಕು.

ಪಕ್ಕದ ಅಂಗಡಿಯವರೂ ನೋಡಿ ನಕಲು ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಕೈಯಲ್ಲಿ ನಮ್ಮ ಲೆಕ್ಕದ ಪುಸ್ತಕ ಇರುವುದಿಲ್ಲ, ಅಲ್ವಾ? ಯಾವ ಊರಿಗೆ ಎಷ್ಟು ಹೋಯಿತು, ಯಾವುದು ವಾಪಸ್ ಬಂತು, ಗಿರಾಕಿ ಏನಂತ ಟೈಪ್ ಮಾಡಿ ಹುಡುಕಿದರು, ಈ ಆನ್‌ಲೈನ್ ಮಾರುಕಟ್ಟೆಯವರಿಗೆ ಎಲ್ಲಾ ಗೊತ್ತು.

ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆ ಕಂಪನಿ ಪಾಲು ಹೊಂದಿರುವ ಸಂಸ್ಥೆ ಅದೇ ಮಾರುಕಟ್ಟೆಯಲ್ಲಿ ಮಾರಬಾರದು ಅಂತ 2018ರ ಡಿಸೆಂಬರ್‌ನಲ್ಲೇ ನಿಯಮ ಬಂತು. ಸ್ವಂತ ಬ್ರ್ಯಾಂಡಿನ ಸರಕನ್ನು ಬೇರೆ ಸೆಲ್ಲರ್ ಕೈಯಲ್ಲಿ ಮಾರಿಸಿದರೆ ಆ ನಿಯಮಕ್ಕೆ ಸಿಗುವುದಿಲ್ಲ. ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಮರು ತಿಂಗಳೇ ನಮ್ಮ ಹೈಕೋರ್ಟ್‌ನಲ್ಲಿ ತಡೆ. ಆ ತನಿಖೆ ಸುಪ್ರೀಂ ಕೋರ್ಟ್ ದಾಟುವ ಹೊತ್ತಿಗೆ 2021ರ ಆಗಸ್ಟ್. ಸಣ್ಣ ವ್ಯಾಪಾರಿ ಅಷ್ಟು ದಿನ ಕಾಯಲು ಆಗುತ್ತದಾ?

ಅದಕ್ಕೇ ನಿಮ್ಮ ಸಚಿವಾಲಯ 2024ರ ಮಾರ್ಚ್‌ನಲ್ಲಿ ಹೊರತಂದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ನೋಡಿ ನಿಜಕ್ಕೂ ಸಂತೋಷವಾಗಿತ್ತು. ದೊಡ್ಡ ಕಂಪನಿಗಳು ಸೆಲ್ಲರ್‌ಗಳ ಒಳಗಿನ ಮಾಹಿತಿ ಬಳಸಿ ಅವರ ಜೊತೆಗೇ ಪೈಪೋಟಿಗೆ ಇಳಿಯಬಾರದು, ತಮ್ಮ ಸರಕನ್ನೇ ಮುಂದೆ ತಳ್ಳಬಾರದು ಎಂದು ಅದರಲ್ಲಿದೆ. ಸೆಲ್ಲರ್‌ಗಳ ಅಂಥ ಮಾಹಿತಿಯನ್ನು ತನ್ನ ಸ್ವಂತ ವ್ಯಾಪಾರಕ್ಕೆ ಬಳಸುವುದಿಲ್ಲ ಎಂದು ಅಮೆಜಾನ್ 2022ರ ಡಿಸೆಂಬರ್‌ನಲ್ಲಿ ಯುರೋಪಿಗೆ ಮಾತು ಕೊಟ್ಟಿದೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಅಗ್ಗಕ್ಕೆ ಸಿಕ್ಕರೆ ಜನರಿಗೆ ಒಳ್ಳೆಯದೇ ಅಂತ ಕೆಲವರು ಹೇಳುತ್ತಾರೆ. ಸರಿ, ಮುಂದಿನ ಹೊಸ ಗಿಲಕಿಗೆ ಮತ್ತೆ ಎರಡು ವರ್ಷ ಲೇತ್ ಮುಂದೆ ಕೂರುವವರು ಯಾರು?

ಸೆಲ್ಲರ್‌ಗಳ ಮಾಹಿತಿ ಬಳಸಿ ಪೈಪೋಟಿಗೆ ಇಳಿಯಬಾರದು, ತಮ್ಮ ಸರಕನ್ನೇ ಮುಂದೆ ತಳ್ಳಬಾರದು ಎಂಬ ಆ ಎರಡು ಮಾತುಗಳನ್ನು ಸಡಿಲ ಮಾಡದೆ ಮಸೂದೆಯನ್ನು ಸಂಸತ್ತಿಗೆ ತನ್ನಿ. ದೂರು ಕೊಟ್ಟ ಸೆಲ್ಲರ್‌ನ ಖಾತೆ ಬಂದ್ ಮಾಡದಂತೆ ರಕ್ಷಣೆಯೂ ಇರಲಿ. ಈ ಪತ್ರಕ್ಕೆ ನಮ್ಮ ಅಂಗಡಿಯ ಹೆಸರು ಹಾಕದಿರುವುದು ಅದೇ ಭಯಕ್ಕೆ.

ಇಂತಿ,
ಚನ್ನಪಟ್ಟಣದ ಒಬ್ಬ ಗೊಂಬೆ ವ್ಯಾಪಾರಿ