ಕೂಸನ್ನು ಮಲಗಿಸಿ ಅಳೆಯಿಸಿ, ಸಚಿವರೇ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ನಮಸ್ಕಾರ.

ಮೊಟ್ಟೆ, ಹಾಲು, ಪುಷ್ಟಿ ಪೊಟ್ಟಣದ ಬಗ್ಗೆ ತಮಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾವು ಬರೆಯುತ್ತಿರುವುದು ಒಂದು ಹಲಗೆಯ ಬಗ್ಗೆ: ಎರಡು ವರ್ಷದೊಳಗಿನ ಮಗುವಿನ ಉದ್ದ ಅಳೆಯುವ ಇನ್‌ಫ್ಯಾಂಟೋಮೀಟರ್. ಎಷ್ಟೋ ಅಂಗನವಾಡಿಗಳಲ್ಲಿ ಅದು ಬೀರುವಿನ ಮೇಲೆ ಕವರ್ ಕೂಡ ಬಿಚ್ಚದೆ ಕೂತಿದೆ.

ನಿಯಮ ತಮಗೆ ಗೊತ್ತೇ ಇದೆ. ಮಗುವನ್ನು ಮಲಗಿಸಿ ಅಳೆಯಬೇಕು, ಇಬ್ಬರು ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ಮೆಲ್ಲಗೆ ಒತ್ತಿ ಕಾಲು ನೇರ ಮಾಡಿ, ಪಾದಕ್ಕೆ ಪಟ್ಟಿ ತಾಗಿಸಿ ಓದಬೇಕು. ಸಹಾಯಕಿ ಹುದ್ದೆ ಖಾಲಿಯಿರುವಲ್ಲಿ ಆ ಇನ್ನೊಬ್ಬರು ಯಾರು? ಮಗು ಅಳುತ್ತದೆ, ಕಾಲು ಮಡಚುತ್ತದೆ. ಕೊನೆಗೆ ಹೋದ ತಿಂಗಳ ಅಂಕಿಯನ್ನೇ ಪೋಷಣ್ ಟ್ರ್ಯಾಕರ್‌ಗೆ, ಅಂದರೆ ಅಳತೆ ದಾಖಲಿಸುವ ಮೊಬೈಲ್ ಆ್ಯಪ್‌ಗೆ, ಒತ್ತಿದರೆ ಕೆಲಸ ಮುಗಿಯಿತು. ಮೂರು ತಿಂಗಳೂ 70, 70, 70! ಮೊದಲ ವರ್ಷದಲ್ಲಿ ಸುಮಾರು 25 ಸೆಂ.ಮೀ. ಬೆಳೆಯುವ ಕೂಸೇನು ಕಲ್ಲುಕಂಬವೇ ಸ್ವಾಮಿ?

ಮಗುವಿನ ತೂಕ ಸಾಲದೇ ಎಂದು ನೋಡುವುದು ಅದರ ಉದ್ದಕ್ಕೆ ಹೋಲಿಸಿ. 72 ಸೆಂ.ಮೀ. ಉದ್ದ, 6.8 ಕೆ.ಜಿ. ತೂಕದ ಗಂಡುಮಗು ತೀವ್ರ ಅಪೌಷ್ಟಿಕ. ಉದ್ದ 70 ಎಂದು ಬರೆದರೆ ಅದೇ ಮಗು ಸಾಧಾರಣ ಅಪೌಷ್ಟಿಕ. ಆ ಎರಡು ಸೆಂಟಿಮೀಟರಿನಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರದ 14 ದಿನದ ಆರೈಕೆ ತಪ್ಪುತ್ತದೆ, ದಿನಕ್ಕೆ 800 ಕ್ಯಾಲೊರಿಯ ಪೂರಕ ಆಹಾರ ಸಿಗಬೇಕಾದ ಮಗುವಿಗೆ 500 ಸಿಗುತ್ತದೆ. ಮಲಗಿಸಿ ಅಳೆಯಿಸಿ ಎನ್ನುವುದು ಇದಕ್ಕೇ.

ಕಾಲು ಊದಿದ ಮಗುವಿನ ಪಾಡು ಇನ್ನೂ ಕಷ್ಟ. ಮೈಯಲ್ಲಿ ನಿಂತ ನೀರನ್ನು ತಕ್ಕಡಿ ತೂಕವೆಂದೇ ತೋರಿಸುತ್ತದೆ, ಮಗು ಚೆನ್ನಾಗಿದೆಯೆಂದು ಟ್ರ್ಯಾಕರ್ ಹಸಿರಾಗುತ್ತದೆ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿದಾಗ ಕುಳಿ ಉಳಿದರೆ, ತೂಕ ಎಷ್ಟೇ ಇರಲಿ, ತೀವ್ರ ಅಪೌಷ್ಟಿಕತೆಯೆಂದೇ ದಾಖಲಿಸಬೇಕು. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೂ ಅಷ್ಟೇ. ಹೆಬ್ಬೆರಳಿಗೆ ಟೆಂಡರ್ ಕರೆಯಬೇಕಾಗಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 8.4ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ತೀವ್ರವಾಗಿ ಸೊರಗಿದವರು. ತಮ್ಮ ಪರಿಶೀಲನಾ ಸಭೆಯಲ್ಲಿ ಅದಕ್ಕಿಂತ ತೀರಾ ಸಣ್ಣ ಅಂಕಿ ಓದಿದರೆ, ಚಪ್ಪಾಳೆಗೆ ಮೊದಲು ಹಲಗೆಯ ಕವರ್ ಬಿಚ್ಚಿದೆಯೇ ಎಂದು ಕೇಳಿ.

ತಿಂಗಳ ಅಳತೆಯ ದಿನ ಪ್ರತಿ ಕೇಂದ್ರಕ್ಕೂ ಎರಡನೆಯವರೊಬ್ಬರನ್ನು ಕಳಿಸಿ, ಆಶಾ ಕಾರ್ಯಕರ್ತೆಯಾದರೂ ಸರಿ. ಪ್ರತಿ ಕೂಸನ್ನೂ ಎರಡು ಸಲ ಅಳೆಯಿಸಿ. ಹೋದ ತಿಂಗಳ ಉದ್ದವೇ ಮತ್ತೆ ಬಂದ ಮಗುವನ್ನು ಮೇಲ್ವಿಚಾರಕಿ ಖುದ್ದಾಗಿ ಅಳೆಯಲಿ. ಮಲಗಿಸಿ.

ಇಂತಿ,
ಮಕ್ಕಳ ಪೌಷ್ಟಿಕತೆಯ ಕೆಲಸದಲ್ಲಿರುವವರು