ಮೆಕ್ಯಾನಿಕ್ ಹೆಸರನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ 30 ವರ್ಷದಿಂದ ಟಿ.ವಿ. ರಿಪೇರಿ ಮಾಡಿಕೊಂಡಿದ್ದೇನೆ. ಹೋದ ವರ್ಷ ಚಿತ್ರಕಲೆ ಓದುವ ಹುಡುಗಿಯೊಬ್ಬಳು ಅಂಗಡಿಗೆ ಬಂದು, 'ಅಂಕಲ್, ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ಇದ್ಯಾ? ಚೆನ್ನಾಗಿರೋದೇ ಬೇಕು, ಆಮೇಲೆ ನಾನೇ ಕೆಡಿಸ್ತೀನಿ' ಅಂದಳು.

ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಕೊರಿಯಾದಲ್ಲಿ ಹುಟ್ಟಿದ ಕಲಾವಿದ ನಾಮ್ ಜೂನ್ ಪೈಕ್ 1965ರಲ್ಲಿ ಟಿ.ವಿ. ತಲೆ ಮೇಲೆ ದೊಡ್ಡ ಮ್ಯಾಗ್ನೆಟ್ ಇಟ್ಟಿದ್ದರಂತೆ. ಪಿಕ್ಚರ್ ಟ್ಯೂಬಿನೊಳಗೆ ಹಿಂದಿನಿಂದ ಬರುವ ಎಲೆಕ್ಟ್ರಾನ್‌ಗಳು ಮ್ಯಾಗ್ನೆಟ್ಟಿನಿಂದಾಗಿ ದಾರಿ ಬದಲಿಸುತ್ತವೆ, ಚಿತ್ರ ಸುರುಳಿ ಸುತ್ತುತ್ತದೆ. ನಮಗಿದು ಹೊಸದೇನಲ್ಲ. ಮಕ್ಕಳು ಕಲರ್ ಟಿ.ವಿ.ಗೆ ಸ್ಪೀಕರ್ ಮ್ಯಾಗ್ನೆಟ್ ಹಿಡಿದು, ಮೂಲೆಯಲ್ಲಿ ನೇರಳೆ ಕಲೆ ಮಾಡಿ, ಮನೆಯಲ್ಲಿ ಒದೆ ತಿನ್ನುತ್ತಿದ್ದರು. ನಾನು ಟ್ಯೂಬಿಗೆ ಹತ್ತಿದ ಅಯಸ್ಕಾಂತತೆ ಅಳಿಸುವ ಡಿಗಾಸಿಂಗ್ ಕಾಯಿಲ್ ಆಡಿಸಿ ಕಲೆ ತೆಗೆಯುತ್ತಿದ್ದೆ. ಆ ಪುಣ್ಯಾತ್ಮ ಅದನ್ನೇ ಕಲೆ ಮಾಡಿಬಿಟ್ಟಿದ್ದಾರೆ!

ಬ್ಲ್ಯಾಕ್ ಅಂಡ್ ವೈಟ್ ಸೆಟ್ಟಿನಲ್ಲಿ ಆ ರಗಳೆ ಇಲ್ಲ. ಮ್ಯಾಗ್ನೆಟ್ ತೆಗೆದರೆ ಚಿತ್ರ ತಾನೇ ಸರಿಹೋಗುತ್ತದೆ. ಅಟ್ಟದಿಂದ ಒಂದು ಸೆಟ್ ಇಳಿಸಿ, ಕೆಪಾಸಿಟರ್ ಬದಲಿಸಿ, ಡಿ.ವಿ.ಡಿ. ಸಿಗ್ನಲ್ಲನ್ನು ಆಂಟೆನಾ ಸಿಗ್ನಲ್ಲಾಗಿ ಬದಲಿಸುವ ಮಾಡ್ಯುಲೇಟರ್ ಹಾಕಿ, ಡಿ.ವಿ.ಡಿ. ಪ್ಲೇಯರ್ ಜೋಡಿಸಿಕೊಟ್ಟೆ. ನಾಲ್ಕು ಸಂಜೆ ಹಿಡಿಯಿತು. ದುಡ್ಡು ಕೇಳಲಿಲ್ಲ.

ಪ್ರದರ್ಶನಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಟಿ.ವಿ. ಪಕ್ಕದ ಚೀಟಿಯಲ್ಲಿ ಹುಡುಗಿಯ ಹೆಸರಿತ್ತು, ಮೇಷ್ಟ್ರ ಹೆಸರಿತ್ತು, ದೀಪ ಹಚ್ಚಿದ ಮುಖ್ಯ ಅತಿಥಿಯ ಹೆಸರೂ ಇತ್ತು. 'ನಿಮ್ದೆಲ್ಲಿ?' ಅಂತ ಇವಳು ಕೇಳಿದಳು. ಸುಮ್ನೆ ಟೀ ಕುಡಿಯೋಣ ಬಾ ಅಂದೆ.

ಹುಡುಗಿಯದು ತಪ್ಪಲ್ಲ, ಚೀಟಿ ಬರೆಸಿದವರು ಬೇರೆ. ಆಮೇಲೆ ಅವಳೇ ಬಂದು ಶುಯಾ ಅಬೆ ಎಂಬ ಜಪಾನಿ ಎಂಜಿನಿಯರ್ ಕಥೆ ಹೇಳಿದಳು. ಪೈಕ್ 1964ರಲ್ಲಿ ರೋಬೊ ಮಾಡಿದ್ದು ಅವರ ಜೊತೆ. ಟಿ.ವಿ. ಚಿತ್ರಕ್ಕೆ ಬೇಕಾದ ಬಣ್ಣ, ಆಕಾರ ಕೊಡುವ ಯಂತ್ರವನ್ನೂ ಇಬ್ಬರೂ ಸೇರಿ ಕಟ್ಟಿದರು. ಅದಕ್ಕೆ ಇವತ್ತಿಗೂ 'ಪೈಕ್-ಅಬೆ' ಸಿಂಥಸೈಜರ್ ಅಂತಲೇ ಹೆಸರು. ಅಷ್ಟು ದೊಡ್ಡ ಕಲಾವಿದರಿಗೇ ಅದರಿಂದ ಏನೂ ಕಡಿಮೆಯಾಗಲಿಲ್ಲ, ಅಲ್ವಾ?

ಕಲೆ, ವಿಜ್ಞಾನ, ತಂತ್ರಜ್ಞಾನ ಸೇರಿದ ಪ್ರದರ್ಶನಗಳ ಫೋಟೊ ನಿಮ್ಮ ಪತ್ರಿಕೆಯಲ್ಲೂ ಬರುತ್ತವೆ. ವೈರ್ ಬೆಸೆದವರು ಯಾರು ಅಂತಲೂ ಒಂದು ಸಾಲು ಹಾಕಿ.

ನನ್ನ ಅಟ್ಟದಲ್ಲಿ ಇನ್ನೂ ಮೂರು ಸೆಟ್ ಇವೆ, ಗುಜರಿಗೆ ಕೊಟ್ಟಿಲ್ಲ. ಚಿತ್ರಕಲೆಯ ಮಕ್ಕಳು ಬಂದು ಒಯ್ಯಬಹುದು. ಹಿಂದಿನ ಮುಚ್ಚಳ ಮಾತ್ರ ನಾನಿಲ್ಲದಾಗ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ.

– ಒಬ್ಬ ಟಿ.ವಿ. ಮೆಕ್ಯಾನಿಕ್, ದಾವಣಗೆರೆ